ಶಿಫ್ಟಲ್ಲಿ ಯಾರಾದ್ರೂ ಬಿದ್ರೆ ಆಂಬುಲೆನ್ಸ್ ಬರುವವರೆಗೆ ಎಂತ ಮಾಡುದು

ಮಂಗಳೂರಿನ ಬೈಕಂಪಾಡಿ ಕಡೆಯ ಫ್ಯಾಕ್ಟರಿಯವರಿಗೆ, ಗೇರುಬೀಜದ ಕಾರ್ಖಾನೆಯವರಿಗೆ ಇದು. ವರ್ಷಕ್ಕೊಂದ್ಸಲ ಹಾಲಲ್ಲಿ ಕೂತು ಸ್ಕ್ರೀನ್ ನೋಡಿ ಸರ್ಟಿಫಿಕೇಟ್ ತಗೊಂಡ್ರೆ ಕೈಗೆ ಏನೂ ಬರುದಿಲ್ಲ ಮಾರಾಯ್ರೆ, ನಾವು ದಿನಾ ನಿಲ್ಲುವ ಜಾಗದಲ್ಲೇ ಮಿಷಿನ್ ಪಕ್ಕದಲ್ಲೇ ಒಬ್ಬರನ್ನು ಮಲಗಿಸಿ ಪ್ರಾಕ್ಟೀಸ್ ಮಾಡ್ಬೇಕು.

ಮೊದಲು ಯಾರು ಎಂತ ಮಾಡುದು ಅಂತ ಶಿಫ್ಟ್ ಶುರುವಾಗುವಾಗ್ಲೇ ಹೇಳಿಡಿ. ಒಬ್ಬರು ಬಿದ್ದವರ ಹತ್ರ, ಒಬ್ಬರು 108ಕ್ಕೆ ಫೋನ್, ಇನ್ನೊಬ್ಬರು ಗೇಟಿಗೆ. ಮಳೆಗಾಲದಲ್ಲಿ ತಗಡಿನ ಮಾಡಿನ ಮೇಲೆ ಮಳೆ ಹೊಯ್ಯುವ ಸದ್ದಿಗೆ ಫೋನಲ್ಲಿ ಎಂತದೂ ಕೇಳುದಿಲ್ಲ, ಹಾಗಾಗಿ ಆಫೀಸ್ ರೂಮಿಗೆ ಹೋಗಿ ಮಾತಾಡಿ. ಒಳಗಿನ ರಸ್ತೆಯಲ್ಲಿ ಎಲ್ಲಾ ಶೆಡ್ಡೂ ಒಂದೇ ತರ ಕಾಣುದು, ರಾತ್ರಿಯಾದ್ರೆ ಹೈವೇಯಿಂದ ತಿರುಗುವಲ್ಲಿ ಟಾರ್ಚ್ ಹಿಡ್ಕೊಂಡು ಒಬ್ಬರು ನಿಲ್ಲಲೇಬೇಕು.

ಬಿದ್ದವರು ಕರೆದ್ರೂ ಅಲುಗಾಡಿಸಿದ್ರೂ ಏಳುದಿಲ್ಲ, ಉಸಿರಿಲ್ಲ ಅಥವಾ ಬಿಟ್ಟು ಬಿಟ್ಟು ಗೊರಗೊರ ಅಂತ ಎಳೀತಾ ಇದ್ದಾರೆ ಅಂದ್ರೆ ನೀರು ಚಿಮುಕಿಸಿಕೊಂಡು ಕೂರ್ಬೇಡಿ, ತಕ್ಷಣ ಸಿಪಿಆರ್. ಎದೆಯ ನಡುವೆ ಅಂಗೈಯ ಬುಡ ಇಟ್ಟು ಇನ್ನೊಂದು ಕೈ ಅದರ ಮೇಲಿಟ್ಟು ಮೊಣಕೈ ಮಡಚದೆ ಒತ್ತುದು, 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ, ಪ್ರತಿ ಸಲ ಎದೆ ಪೂರ್ತಿ ಮೇಲೆ ಬರ್ಲಿಕ್ಕೆ ಬಿಡ್ಬೇಕು. 2 ನಿಮಿಷಕ್ಕೆ ಕೈ ಸೋಲ್ತದೆ, ಆಗ ಇನ್ನೊಬ್ಬರು ಹಿಡ್ಕೊಳ್ಳಿ. ಕರೆಂಟ್ ಹೊಡೆದದ್ದಾದ್ರೆ ಮೇನ್ ಸ್ವಿಚ್ ಆಫ್ ಮಾಡದೆ ಮುಟ್ಟುದು ಬೇಡ.

ನನಗೆ ಜಾಸ್ತಿ ಹೆದರಿಕೆ ಎದೆನೋವಿನದ್ದು. ಬೆವರ್ತಾ ಎದೆ ಹಿಡ್ಕೊಂಡವರಿಗೆ ಗ್ಯಾಸ್ಟ್ರಿಕ್ ಇರ್ಬೇಕು ಅಂತ ಸೋಡಾ ಕುಡಿಸಿ ಬೈಕಲ್ಲಿ ಮನೆಗೆ ಕಳಿಸುದು ನಮ್ಮಲ್ಲಿ ಎಷ್ಟುಂಟು! ನಡೆಸ್ಬೇಡಿ, ಮೆಟ್ಟಿಲು ಹತ್ತಿಸ್ಬೇಡಿ, ಒರಗಿ ಕೂರಿಸಿ 108 ಕರೀರಿ. ಗೇರುಬೀಜದಲ್ಲಿ ಕೆಲಸ ಮಾಡುವವರು ಹೆಚ್ಚಿನವರು ಹೆಂಗಸರು, ಅವರಿಗೆ ಕೆಲವೊಮ್ಮೆ ಎದೆನೋವು ಅಷ್ಟು ಗೊತ್ತೇ ಆಗುದಿಲ್ಲ, ಬೆನ್ನು ದವಡೆ ನೋವು, ಏದುಸಿರು, ವಾಂತಿ ಬಂದ ಹಾಗೆ, ಇಷ್ಟೇ ಇರ್ತದೆ. ಅಕ್ಕ ಒಬ್ಬರು "ಎಂತದೋ ಸುಸ್ತು" ಅಂತ ಬೆವರಿ ಕೂತ್ರೆ ಅದನ್ನು ಹಗುರಾಗಿ ತಗೊಳ್ಬೇಡಿ.

ಸ್ಟೀಮ್ ತಾಗಿ ಸುಟ್ರೆ ಟೂತ್‌ಪೇಸ್ಟ್, ಕಾಫಿ ಪುಡಿ ಎಂತದೂ ಹಚ್ಬೇಡಿ. ಹರಿಯುವ ನಳ್ಳಿ ನೀರಲ್ಲಿ 20 ನಿಮಿಷ ಹಿಡೀಬೇಕು. ಊದುವ ಮೊದಲೇ ಬಳೆ ಉಂಗುರ ತೆಗೀರಿ, ಆಮೇಲೆ ಕ್ಲೀನ್ ಬಟ್ಟೆ ಮುಚ್ಚಿ, ಗುಳ್ಳೆ ಒಡೀಬೇಡಿ. ಗೇರು ಎಣ್ಣೆ ಚರ್ಮಕ್ಕೆ ಬಿದ್ರೆ ಬಟ್ಟೆಗೂ ಅಂಟಿಕೊಂಡಿರ್ತದೆ, ಆ ಬಟ್ಟೆ ತೆಗೆದು, ಎಣ್ಣೆ ಒರೆಸಿ, ಸಾಬೂನು ಹಾಕಿ ಚೆನ್ನಾಗಿ ತೊಳೀರಿ.

ಫಿಟ್ಸ್ ಬಂದವರ ಕೈಗೆ ಬೀಗದ ಕೈ ಕೊಡುದು ಬೇಡ, ಬಾಯಿಗೆ ಏನೂ ತುರುಕ್ಬೇಡಿ. ತಲೆಯಡಿಗೆ ಮೆತ್ತಗಿನದ್ದು ಇಟ್ಟು ಗಡಿಯಾರ ನೋಡಿ, ನಡುಕ 5 ನಿಮಿಷ ದಾಟಿದ್ರೆ 108, ನಡುಕ ನಿಂತ ಮೇಲೆ ಮಗ್ಗುಲಿಗೆ ತಿರುಗಿಸಿ.

ಇನ್ನು ಬಾಕ್ಸ್. 2025ರ ನವೆಂಬರ್‌ವರೆಗೆ ಇದ್ದ 1948ರ ಕಾರ್ಖಾನೆ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ 150 ಜನಕ್ಕೆ ಕಡಿಮೆ ಅಂದ್ರೂ ಒಂದು ಫಸ್ಟ್ ಏಡ್ ಬಾಕ್ಸ್ ಬೇಕಿತ್ತು, ನೋಡಿಕೊಳ್ಳುವವರು ಟ್ರೈನಿಂಗ್ ಆದವರೇ ಆಗಿರ್ಬೇಕಿತ್ತು, ಮತ್ತೆ ಅದರಲ್ಲಿ ಇರ್ಬೇಕಾದ್ದು ಬಿಟ್ಟು ಬೇರೆ ಎಂತದೂ ಇಡುವ ಹಾಗಿರ್ಲಿಲ್ಲ. ವೋಚರ್, ಗೋಡೌನ್ ಕೀ ಎಲ್ಲ ಇವತ್ತೇ ಹೊರಗೆ ತೆಗೀರಿ. ಬೀಗ ಹಾಕಿ ಕೀಯನ್ನು ಜನರಲ್ ಶಿಫ್ಟಿನ ಸೂಪರ್‌ವೈಸರ್ ಮನೆಗೆ ತಗೊಂಡೋದ್ರೆ ನೈಟ್ ಶಿಫ್ಟಿನವರು ಎಂತ ಮಾಡುದು?

ಟ್ರೈನಿಂಗ್ ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್‌ನವರು ಕೊಡ್ತಾರೆ, ಸಿಪಿಆರ್ ಒತ್ತಿ ನೋಡ್ಲಿಕ್ಕೆ ಬೊಂಬೆ ತರ್ಲಿಕ್ಕೆ ಮೊದಲೇ ಹೇಳಿ. ಕಾಂಟ್ರಾಕ್ಟ್ ಹುಡುಗರನ್ನೂ ಕೂರಿಸಿ, ಕನ್ನಡ ಬಾರದವರಿಗೆ ಹಿಂದಿಯಲ್ಲಿ, ಅಕ್ಕಂದಿರಿಗೆ ತುಳುವಲ್ಲಿ ಹೇಳುವವರು ಒಬ್ಬರು ಬೇಕು, ಯಾಕಂದ್ರೆ ರಾತ್ರಿ ಎರಡು ಗಂಟೆಗೆ ಪಕ್ಕದಲ್ಲಿ ಇರುವವರು ಅವರೇ.