ಪಟ್ಟಿಯನ್ನು ಕಿತ್ತುಹಾಕಿದ ಮೇಲೆ ಶುರುವಾದ ಓದು

ಮೊದಲ ಬೇಸಿಗೆ ರಜೆಯಲ್ಲಿ ನಾನು ಮಾಡಿದ್ದು ಓದಿಸುವ ಕೆಲಸವೇ ಹೊರತು ಒಟ್ಟಿಗೆ ಓದುವ ಕೆಲಸವಾಗಿರಲಿಲ್ಲ. ಮಕ್ಕಳಿಬ್ಬರಿಗೂ ವಯಸ್ಸಿಗೆ ತಕ್ಕ ಪುಸ್ತಕಗಳನ್ನು ಆರಿಸಿಕೊಟ್ಟು, ಗೋಡೆಗೆ ಒಂದು ಪಟ್ಟಿ ಅಂಟಿಸಿ, ದಿನಕ್ಕೆ ಎಷ್ಟು ಪುಟ ಮುಗಿಯಿತೆಂದು ಅದರಲ್ಲಿ ಬರೆಸುತ್ತಿದ್ದೆ. ಹತ್ತು ದಿನ ಕಳೆಯುವಷ್ಟರಲ್ಲಿ 12 ವರ್ಷದ ಮಗಳು ಪುಟಕ್ಕೆ ನಾಲ್ಕೇ ಸಾಲುಗಳಿರುವ ಚಿತ್ರಪುಸ್ತಕಗಳನ್ನು ಹುಡುಕತೊಡಗಿದಳು. ಪಟ್ಟಿ ಕೇಳುತ್ತಿದ್ದುದು ಪುಟಗಳನ್ನು ತಾನೆ! 7 ವರ್ಷದ ಮಗ ಒತ್ತಕ್ಷರಗಳಲ್ಲಿ ಎಡವಿ ಒಂದು ಪುಟಕ್ಕೇ ದಣಿಯುತ್ತಿದ್ದ. ಆ ಹೊತ್ತಿನಲ್ಲಿ ದೊಡ್ಡವರಾದ ನಾವಿಬ್ಬರೂ ಮೊಬೈಲ್ ನೋಡುತ್ತಿದ್ದೆವು ಎಂಬುದನ್ನೂ ಒಪ್ಪಿಕೊಳ್ಳಬೇಕು.

ಮರುವರ್ಷ ಪಟ್ಟಿಯನ್ನು ಕೈಬಿಟ್ಟು, ಒಂದೇ ಪುಸ್ತಕವನ್ನು ಒಬ್ಬರು ಗಟ್ಟಿಯಾಗಿ ಓದುವುದು, ಉಳಿದ ಮೂವರು ಕೇಳುವುದು ಎಂಬ ಕ್ರಮಕ್ಕೆ ಬಂದೆವು. ಓದಲು ಬರುವ ಮಗಳಿಗೆ ಓದಿ ಹೇಳುವುದೇಕೆ ಎಂಬ ಸಂಶಯ ನನಗಿತ್ತು. ಆದರೆ ಚಿಕ್ಕ ಮಕ್ಕಳು ತಾವೇ ಓದಿ ಗ್ರಹಿಸುವುದಕ್ಕಿಂತ ಹೆಚ್ಚು ಕಠಿಣವಾದದ್ದನ್ನು ಕೇಳಿ ಗ್ರಹಿಸಬಲ್ಲರು, ಏಕೆಂದರೆ ಅಕ್ಷರ ಬಿಡಿಸುವ ಶ್ರಮ ತಪ್ಪಿದಾಗ ಮನಸ್ಸೆಲ್ಲ ಅರ್ಥದ ಮೇಲೆ ನಿಲ್ಲುತ್ತದೆ. ಹೀಗಾಗಿ ಮಗ ತಾನಾಗಿ ಓದಲಾರದ 200 ಪುಟಗಳ ಕಾದಂಬರಿಯನ್ನು ಅಕ್ಕನಿಗೆ ಸರಿಸಮನಾಗಿ ಹಿಂಬಾಲಿಸಿದ. ರಾತ್ರಿ ಊಟವಾದ ಮೇಲೆ 20 ನಿಮಿಷ ಓದಿದರೆ ನಮ್ಮ ವೇಗಕ್ಕೆ ಸುಮಾರು 8 ಪುಟಗಳಾಗುತ್ತಿದ್ದವು. ಆ ಕಾದಂಬರಿ 25 ರಾತ್ರಿಗಳಲ್ಲಿ ಮುಗಿಯಿತು.

ಓದುವವರಿಗೂ ಸಿದ್ಧತೆ ಬೇಕೆಂಬುದು ನನಗೆ ಪೆಟ್ಟು ತಿಂದ ಮೇಲೆ ತಿಳಿಯಿತು. ಕಥೆಯಲ್ಲಿ ನಾಯಿಯೊಂದು ಸಾಯುವ ಸನ್ನಿವೇಶ ಮುನ್ಸೂಚನೆಯಿಲ್ಲದೆ ಎದುರಾಗಿ, ಮಗ ಅತ್ತು, ನನ್ನ ಗಂಟಲೂ ಕಟ್ಟಿ, ಆ ರಾತ್ರಿ ಯಾರೂ ಬೇಗ ಮಲಗಲಿಲ್ಲ. ಅಂದಿನಿಂದ ಮರುದಿನದ ಪುಟಗಳ ಮೇಲೆ ಮೊದಲೇ ಕಣ್ಣಾಡಿಸಿಟ್ಟುಕೊಳ್ಳುತ್ತೇನೆ. ಅಂತಹ ಭಾಗಗಳನ್ನು ಬಿಡುವುದಿಲ್ಲ, ಸಂಜೆಯ ಬದಲು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳುತ್ತೇನೆ. ಉದ್ದನೆಯ ವರ್ಣನೆಗಳನ್ನು ಮಾತ್ರ ಓದುತ್ತಲೇ ಮೊಟಕುಗೊಳಿಸುತ್ತಿದ್ದೆ. ಒಮ್ಮೆ ಮಗಳು ಹೆಗಲ ಮೇಲಿನಿಂದ ಇಣುಕಿ, "ಅಮ್ಮಾ, ಒಂದು ಪ್ಯಾರಾ ಹಾರಿಸಿದೆ" ಎಂದು ಹಿಡಿದುಹಾಕಿದಳು. ಪಾತ್ರಕ್ಕೊಂದು ದನಿ ಕೊಡುವ ನನ್ನ ಉತ್ಸಾಹವೂ ಮೂರೇ ದಿನಕ್ಕೆ ಮುಗಿಯಿತು, ಯಾರ ದನಿ ಯಾವುದೆಂಬುದು ನನಗೇ ಮರೆತುಹೋಗುತ್ತಿತ್ತು. ಅವರಪ್ಪ ಯಾವ ಅಭಿನಯವೂ ಇಲ್ಲದೆ ನಿಧಾನವಾಗಿ ಓದುತ್ತಾರೆ. ಮಕ್ಕಳಿಗೆ ಅದೇ ಹಿತ.

ಕೇಳುವಾಗ ಕೈಕಟ್ಟಿ ಕೂರಬೇಕೆಂಬ ನಿಯಮವನ್ನೂ ಬಿಟ್ಟೆವು. ಮಗ ನೆಲದ ಮೇಲೆ ಬೋರಲು ಮಲಗಿ ಚಿತ್ರ ಬಿಡಿಸುತ್ತಿರುತ್ತಾನೆ. ಕೇಳುತ್ತಿಲ್ಲವೆಂದುಕೊಂಡು ಓದು ನಿಲ್ಲಿಸಿದರೆ, ಕೊನೆಯ ವಾಕ್ಯವನ್ನು ಹಾಗೆಯೇ ಒಪ್ಪಿಸಿ, "ಮುಂದೆ?" ಎನ್ನುತ್ತಾನೆ.

ಎಲ್ಲಕ್ಕಿಂತ ಬಿಡಲು ಕಷ್ಟವಾದದ್ದು ಪ್ರಶ್ನೆ ಕೇಳುವ ನನ್ನ ಚಟ. ಅಧ್ಯಾಯ ಮುಗಿದ ಕೂಡಲೇ "ಇದರಿಂದ ಏನು ತಿಳಿಯಿತು?" ಎನ್ನುತ್ತಿದ್ದೆ, ಇಬ್ಬರ ಮುಖವೂ ಪರೀಕ್ಷೆಯ ದಿನದ ಮುಖವಾಗುತ್ತಿತ್ತು. ಬಹಳ ಪ್ರಯಾಸದಿಂದ ಸುಮ್ಮನಿರಲು ಕಲಿತೆ. ಆಮೇಲೆ ಮಾತು ತಾನಾಗಿ ಬರತೊಡಗಿತು, ಆದರೆ ನಾನು ಕಾಯುತ್ತಿದ್ದ ಹೊತ್ತಿಗಲ್ಲ: ಮರುದಿನ ಬಟ್ಟೆ ಮಡಚುತ್ತಿರುವಾಗ ಮಗಳು ಇದ್ದಕ್ಕಿದ್ದಂತೆ, "ತಮ್ಮನನ್ನು ಉಳಿಸೋದಕ್ಕೆ ಅವಳು ಸುಳ್ಳು ಹೇಳಿದ್ದು ಸರಿಯಾ ಅಮ್ಮಾ?" ಎಂದಳು. ಬಟ್ಟೆಗಳು ಮುಗಿದ ಮೇಲೂ ಆ ವಾದ ಮುಗಿಯಲಿಲ್ಲ.

ಪುಸ್ತಕವನ್ನು ಸರದಿಯ ಮೇಲೆ ಒಬ್ಬೊಬ್ಬರು ಆರಿಸುತ್ತೇವೆ. 30 ಪುಟ ಓದಿದ ಮೇಲೆ ಯಾರು ಬೇಕಾದರೂ ಅದನ್ನು ನಿಲ್ಲಿಸಬೇಕೆಂದು ಮತ ಕೇಳಬಹುದು, ಸಮ ಬಿದ್ದರೆ ಇನ್ನೂ 10 ಪುಟ ಓದಬೇಕು. ಈ ನಿಯಮಕ್ಕೆ ಮೊದಲು ಬಲಿಯಾದದ್ದು ನಾನು ಚಿಕ್ಕಂದಿನಲ್ಲಿ ಎರಡೆರಡು ಸಲ ಓದಿ ಮೆಚ್ಚಿದ್ದ ಪುಸ್ತಕ. ಮೂರು ಮತಗಳು ಅದರ ವಿರುದ್ಧ ಬಿದ್ದವು. ಮುನಿಸಿಕೊಂಡು, ರಜೆ ಮುಗಿದ ಮೇಲೆ ಒಬ್ಬಳೇ ಕೂತು ಅದನ್ನು ಮತ್ತೆ ಓದಿದೆ. ಮೊದಲ ನಾಲ್ಕು ಅಧ್ಯಾಯಗಳು ನಿಜಕ್ಕೂ ಬಹಳ ಎಳೆದಂತಿದ್ದವು.