ಬೆಚ್ಚನೆಯ ಕಲ್ಲಿನ ಬಚ್ಚಲು: ಕೆಲಸವೆಲ್ಲ ಕಲ್ಲಿನ ಕೆಳಗೆ

ಬೆಳಗಾವಿಯ ಡಿಸೆಂಬರ್ ಥಂಡಿಯಲ್ಲಿ ಬೆಳಿಗ್ಗೆ ಬಚ್ಚಲಿನ ಕಲ್ಲಿನ ಮೇಲೆ ಬರಿಗಾಲಿಡುವುದು ಕಷ್ಟ. ಮಹಡಿಯ 5×8 ಅಡಿ ಬಚ್ಚಲಿಗೆ 18 ಎಂಎಂ ಇಳಕಲ್ ಗ್ರಾನೈಟ್, ಅದರಡಿ ಬಿಸಿಯಾಗುವ ವೈರಿನ ಮ್ಯಾಟ್ ಹಾಕಿದೆ.

ಬಚ್ಚಲಿನ ಸ್ಲ್ಯಾಬ್ ಉಳಿದ ನೆಲಕ್ಕಿಂತ 12 ಇಂಚು ತಗ್ಗಿನಲ್ಲಿತ್ತು. ಗೌಂಡಿಗಳ ರೂಢಿಯಂತೆ ಒಡೆದ ಇಟ್ಟಿಗೆ, ಹಳೆ ಗಿಲಾವಿನ ಚೂರು 8 ಇಂಚು ತುಂಬಿದರೂ ಭಾರ ಸುಮಾರು 1.3 ಟನ್. ಮೇಲಾಗಿ ಸಂದಿಯಲ್ಲಿ ಟೊಳ್ಳು ಉಳಿದು ಕ್ರಮೇಣ ಕುಸಿಯುತ್ತದೆ. ಆಗ ಕಲ್ಲಷ್ಟೇ ಸೀಳುವುದಿಲ್ಲ, ವೈರೂ ಹರಿಯುತ್ತದೆ. ಅದಕ್ಕೇ 8 ಇಂಚಿನ ಎಎಸಿ ಬ್ಲಾಕುಗಳನ್ನು (ಗಾಳಿಗುಳ್ಳೆ ತುಂಬಿದ ಹಗುರ ಸಿಮೆಂಟ್ ಬ್ಲಾಕು) ಗಾರೆಯಲ್ಲಿ ಒತ್ತೊತ್ತಾಗಿ ಕೂರಿಸಿದೆ. ಭಾರ ಅರ್ಧ ಟನ್ನಿನ ಆಸುಪಾಸಿಗೆ ಇಳಿಯಿತು.

ಬ್ಲಾಕಿಗೂ ಮುಂಚೆ ಸ್ಲ್ಯಾಬಿಗೆ, ಗೋಡೆಯ ಒಂದಡಿ ಎತ್ತರದವರೆಗೆ ನೀರು ಇಳಿಯದಂತೆ ಪಾಲಿಮರ್ ಸಿಮೆಂಟ್ ಎರಡು ಕೋಟ್, 48 ತಾಸು ನೀರು ನಿಲ್ಲಿಸಿ ಪರೀಕ್ಷೆ. ತಗ್ಗಿನ ತಳಕ್ಕೊಂದು ಸಣ್ಣ ಪೈಪ್ ಹೊರಗೆ ಬಿಡಲೇಬೇಕು. ಇಲ್ಲವಾದರೆ ಇಳಿದ ನೀರು ಒಳಗೇ ನಿಂತು ಬ್ಲಾಕ್ ಹೀರಿಕೊಳ್ಳುತ್ತದೆ. ಬ್ಲಾಕಿನ ಮೇಲೆ 2 ಇಂಚು 1:4 ಸಿಮೆಂಟ್-ಮರಳಿನ ಗಾರೆ, ಮಧ್ಯೆ ಕೋಳಿಜಾಳಿಗೆ. ನೀರು ಹರಿಯುವ ವಾಟ (ಇಳಿಜಾರು) ಇಲ್ಲೇ ಕೊಡಬೇಕು, 1:80. ಏಳು ದಿನ ನೀರು ಹೊಡೆದು, ಒಣಗಿದ ಮೇಲೆ ಮತ್ತೆ ಎರಡು ಕೋಟ್.

ಅದರ ಮೇಲೆ ಎರಡೂ ಮೈಗೆ ಸಿಮೆಂಟ್ ಲೇಪವಿರುವ 10 ಎಂಎಂ ಎಕ್ಸ್‌ಪಿಎಸ್ (ಬಿಸಿ ತಡೆಯುವ ಗಟ್ಟಿ ಫೋಮ್) ಹಲಗೆ ಅಂಟಿಸಿದೆ. ಬಿಳಿ ಥರ್ಮಾಕೋಲ್ ಬೇಡ, ಕಲ್ಲಿನಡಿ ಅದು ಜಜ್ಜಿಹೋಗುತ್ತದೆ. ಹಲಗೆ ಇಲ್ಲದಿದ್ದರೆ ಅರ್ಧ ಬಿಸಿ ಗಾರೆಗೇ ಹೋದೀತು.

ಮ್ಯಾಟ್ 2 ಚದರ ಮೀಟರ್, ಚದರ ಮೀಟರಿಗೆ 150 ವ್ಯಾಟ್, ಒಟ್ಟು 300. ಕಮೋಡಿನ ಅಡಿ ಬೇಡ. ಮ್ಯಾಟ್ ತಿರುಗಿಸುವಾಗ ವೈರ್ ಹಿಡಿದ ಜಾಲರಿ ಕತ್ತರಿಸಬಹುದು, ವೈರನ್ನು ಎಂದಿಗೂ ಅಲ್ಲ. 230 ವೋಲ್ಟಿನ ಲೆಕ್ಕಕ್ಕೆ, ಕರೆಂಟ್ ಕೊಡದೆ ಅಳೆದಾಗ ಮಲ್ಟಿಮೀಟರ್ ಸುಮಾರು 176 ಓಮ್ ತೋರಿಸಬೇಕು. ಪೆಟ್ಟಿಗೆಯಿಂದ ತೆಗೆದಾಗ, ಹಾಸಿದ ಮೇಲೆ, ಕಲ್ಲು ಕೂರಿಸಿದ ಮೇಲೆ, ಮೂರು ಸಲ ಅಳೆದು ಗೋಡೆಯ ಮೇಲೆ ಬರೆದಿಡಿ. ಗೌಂಡಿಯ ಕಬ್ಬಿಣದ ಕರಣೆ ತಾಗಿ ವೈರ್ ಒಳಗೇ ತುಂಡಾಗಿದ್ದರೆ ಕಣ್ಣಿಗೆ ಕಾಣದಿದ್ದರೂ ಅಂಕಿಯಲ್ಲಿ ಕಾಣುತ್ತದೆ. ತಾಪ ಅಳೆಯುವ ಸೆನ್ಸರ್ ಎರಡು ಸುತ್ತುಗಳ ನಡುವೆ, ಸಣ್ಣ ಪೈಪಿನೊಳಗೆ ಇರಲಿ. ಕೆಟ್ಟರೆ ಎಳೆದು ಬದಲಿಸಬಹುದು. 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಕಡ್ಡಾಯ, ಇದರಲ್ಲಿ ಚೌಕಾಸಿ ಬೇಡ.

ವೈರ್ ಮುಚ್ಚಲು ತಾನೇ ಸಮವಾಗುವ ಸಿಮೆಂಟ್ ರಸ ಸುರಿಯಬೇಡಿ, ವಾಟ ಅಳಿಸಿಹೋಗುತ್ತದೆ. ಬಾಗುವ ಗುಣದ ಟೈಲ್ ಅಂಟನ್ನೇ ಪ್ಲಾಸ್ಟಿಕ್ ಕರಣೆಯಿಂದ ತೆಳುವಾಗಿ ಎಳೆದು ಒಣಗಿಸಿದೆ. ಕಲ್ಲಿನ ಬೆನ್ನಿಗೂ ಅಂಟು ಬಳಿದು ಕೂರಿಸಬೇಕು. ಟೊಳ್ಳಿದ್ದಲ್ಲಿ ಬಿಸಿ ಮೇಲೇರದು. ಪಾಲಿಶ್ ಕಲ್ಲು ಜಾರುತ್ತದೆ, ತುಸು ಒರಟಾದ ಲೆದರ್ ಫಿನಿಶ್ ಸಾಕು. ಗೋಡೆಯ ಸುತ್ತ 6 ಎಂಎಂ ಸಂದು ಬಿಟ್ಟು ಸಿಲಿಕಾನ್ ತುಂಬಿದೆ. ಅಲ್ಲಿ ಸಿಮೆಂಟ್ ತುಂಬಿದರೆ ಬಿಸಿಗೆ ಹಿಗ್ಗಿದ ಕಲ್ಲಿಗೆ ಜಾಗವಿಲ್ಲದೆ ನಡುವೆ ಎದ್ದು ನಿಲ್ಲುತ್ತದೆ.

ಸ್ವಿಚ್ ಹಾಕಿದ್ದು 28 ದಿನದ ಮೇಲೆ. ಮೊದಲ ದಿನ 20 ಡಿಗ್ರಿ, ಆಮೇಲೆ ದಿನಕ್ಕೆ ಎರಡೆರಡು ಏರಿಸಿ 28ಕ್ಕೆ ನಿಲ್ಲಿಸಿದೆ.