ಕೋಸ್ಟರಿಕಾದಲ್ಲಿ ಬಾಳೆಹಣ್ಣಿಗೆ ಬಂದ ಹಕ್ಕಿಗಳು

ಮಧ್ಯ ಅಮೆರಿಕದ ಕೋಸ್ಟರಿಕಾದಲ್ಲಿ ಹಕ್ಕಿ ನೋಡಲು ಬೆಟ್ಟ ಹತ್ತಬೇಕು, ಕಾಡು ಅಲೆಯಬೇಕು ಅಂತೇನಿಲ್ಲ. ಲಾಡ್ಜ್‌ಗಳು, ದಾರಿ ಬದಿಯ ಹೋಟೆಲ್‌ಗಳು ಊಟದ ಜಗಲಿ ಎದುರಿಗೇ ಒಂದು ಒಣಮರದ ಕೊಂಬೆ ನೆಟ್ಟು, ಬಾಳೆಹಣ್ಣು, ಪಪ್ಪಾಯಿ ಇಟ್ಟಿರುತ್ತವೆ. ನಾವು ತಿಂಡಿಗೆ ಕೂತರೆ ಅವೂ ತಿಂಡಿಗೆ ಬರುತ್ತವೆ. ನನಗೆ ಅನ್ನ, ಬೀನ್ಸ್ ಕಾಳು ಕಲಸಿ ಹುರಿದ ಗಾಯೊ ಪಿಂಟೊ, ಅವಕ್ಕೆ ಹಣ್ಣು. ವಿಸ್ತೀರ್ಣದಲ್ಲಿ ಕರ್ನಾಟಕದ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಇರುವ ದೇಶ. ಹಕ್ಕಿಗಳು ಮಾತ್ರ 900 ಜಾತಿಗೂ ಮೇಲೆ.

ನಮ್ಮಕ್ಕನ ಮನೆ ಅಮೆರಿಕದ ಹೂಸ್ಟನ್‌ನಲ್ಲಿದೆ. ಅಲ್ಲಿಂದ ಕೋಸ್ಟರಿಕಾದ ರಾಜಧಾನಿ ಸ್ಯಾನ್ ಹೋಸೆಗೆ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆ. ಹೊರಟಾಗ ಭಾವ, "ಹಕ್ಕಿ ನೋಡೋಕೆ ಅಷ್ಟು ದೂರ ಯಾಕೋ? ನಮ್ಮ ಹಿತ್ತಲಲ್ಲೇ ಬರ್ತವಲ್ಲ" ಅಂದರು. ಅವರ ಮಾತೂ ನಿಜವೇ. ಏಪ್ರಿಲ್‌ನಲ್ಲಿ ಅವರ ಹಿತ್ತಲು ಹಾದುಹೋಗುವ ಕಿತ್ತಳೆ ಬಣ್ಣದ ಬಾಲ್ಟಿಮೋರ್ ಓರಿಯೋಲ್ ಚಳಿಗಾಲ ಕಳೆಯಲು ಬರುವುದು ಈ ಕಡೆಗೇ. ನಾನು ಹೋದದ್ದು ಫೆಬ್ರವರಿಯಲ್ಲಿ. ಅಲ್ಲಿನ ಸರಾಪಿಕಿ ಅನ್ನೋ ಕಡೆ ಬಾಳೆಹಣ್ಣಿನ ಮೇಲೆ ಭಾವನ ನೆಂಟರೇ ಮೊದಲು ಸಿಕ್ಕರು!

ಫೀಡರ್ (ಹೀಗೆ ಹಕ್ಕಿಗೆ ತಿನಿಸು ಇಡುವ ಜಾಗ) ಎದುರು ಕೂತ ಹೊಸಬರೆಲ್ಲ ಕ್ಯಾಮೆರಾವನ್ನು ಹಣ್ಣಿನ ಕಡೆಗೇ ತಿರುಗಿಸುತ್ತಾರೆ. ಹಕ್ಕಿಯೇನೋ ಸಿಗುತ್ತದೆ, ಜೊತೆಗೆ ಕಪ್ಪಾದ ಸಿಪ್ಪೆ, ಮೆತ್ತಿಕೊಂಡ ತಿರುಳು, ನೊಣ ಎಲ್ಲವೂ ಸಿಗುತ್ತವೆ. ನಾನು ಮೊದಲ ಅರ್ಧ ಗಂಟೆ ಕ್ಯಾಮೆರಾ ಮುಟ್ಟುವುದೇ ಇಲ್ಲ. ಯಾವ ಹಕ್ಕಿ ಎಲ್ಲಿ ಕಾಯುತ್ತದೆ ಅಂತ ಸುಮ್ನೆ ನೋಡುತ್ತೇನೆ. ನೇರ ಹಣ್ಣಿಗೇ ಬಂದಿಳಿಯುವ ಹಕ್ಕಿ ಕಡಿಮೆ. ಮೊದಲು ಪಕ್ಕದ ಕೊಂಬೆಯಲ್ಲಿ ಕೂತು ಅತ್ತಿತ್ತ ಕಣ್ಣಾಡಿಸುತ್ತದೆ. ಮದುವೆ ಊಟದ ಹಾಲ್‌ನಲ್ಲಿ ತಿನ್ನುವವರ ಕುರ್ಚಿ ಹಿಂದೆ ನಿಂತು ಕಾಯ್ತಾರಲ್ಲ, ಥೇಟ್ ಹಾಗೇ. ಹೀಗೆ ಕಾಯುವ ಕೊಂಬೆಯಲ್ಲಿ ಪಾಚಿ ಇರುತ್ತದೆ, ಹಿಂದೆ ಹತ್ತಿಪ್ಪತ್ತು ಮೀಟರ್ ದೂರದ ಹಸಿರು ಇರುತ್ತದೆ. ಫೋಟೋಗೆ ಇನ್ನೇನು ಬೇಕು? ಫೋಕಸ್ ಅಲ್ಲಿಗೆ ಇಟ್ಟುಕೊಂಡು ಕೂತರೆ ಸಾಕು.

ಕಾಯುವುದಕ್ಕೂ ಒಂದು ಸರದಿ ಇದೆ. ಮೊಂಟೆಝುಮಾ ಓರೊಪೆಂಡೊಲಾ ಬಂತೆಂದರೆ ಉಳಿದವೆಲ್ಲ ಜಾಗ ಖಾಲಿ ಮಾಡುತ್ತವೆ. ಕಾಗೆಗಿಂತ ದೊಡ್ಡ ಕಂದು ಹಕ್ಕಿ, ಹಳದಿ ಬಾಲ, ಕೊಕ್ಕಿನ ತುದಿ ಕಿತ್ತಳೆ. ಅದು ಹೋದ ಮೇಲೆ ಟ್ಯಾನೆಜರ್ ಅನ್ನೋ ಸಣ್ಣ ಬಣ್ಣದ ಹಕ್ಕಿಗಳು ಬರುತ್ತವೆ. ಹಾಗಾಗಿ ಓರೊಪೆಂಡೊಲಾ ಹಣ್ಣು ಕುಕ್ಕುತ್ತಿರುವಾಗ ನಾನು ಪಕ್ಕದ ಕೊಂಬೆಗಳ ಮೇಲೆ ಕಣ್ಣಿಡುತ್ತೇನೆ. ನೀಲಿ ಬೂದು ಟ್ಯಾನೆಜರ್, ಪಚ್ಚೆ ಬಣ್ಣದ ಹನಿಕ್ರೀಪರ್ ಎಲ್ಲ ಅಲ್ಲೇ ಸಾಲಾಗಿ ಸಿಗುತ್ತವೆ. ಮೋಡ ಮುಸುಕಿ ಜಿನುಗು ಮಳೆ ಬಂದರೆ ಇನ್ನೂ ಒಳ್ಳೆಯದು. ಹಕ್ಕಿಯೂ ಜಾಸ್ತಿ, ಬೆಳಕೂ ಮೃದು.

ಸ್ಕಾರ್ಲೆಟ್ ರಂಪ್ಡ್ ಟ್ಯಾನೆಜರ್ ಅನ್ನೋದು ಅಲ್ಲಿ ನಮ್ಮ ಪಿಕಳಾರದಷ್ಟೇ ಮಾಮೂಲಿ. ಆದರೂ ನನ್ನ ಹೊತ್ತೆಲ್ಲ ತಿಂದದ್ದು ಅದೇ. ಗಂಡಿನ ಮೈ ಪೂರಾ ಮಖಮಲ್ಲಿನಂಥ ಕಪ್ಪು, ಕೊಕ್ಕು ಬೆಳ್ಳಿ ನೀಲಿ, ಬೆನ್ನಿನ ಕೆಳಗೆ ಬಾಲದ ಬುಡದಲ್ಲಿ ಉರಿಯುವ ಕೆಂಪು. ಎದುರಿಂದ ತೆಗೆದರೆ ಬರೀ ಕರಿ ಹಕ್ಕಿ. ಬೆನ್ನು ತಿರುಗಿಸಿ, ಕತ್ತು ಹಿಂದಕ್ಕೆ ಹೊರಳಿಸಿದಾಗ ಕಣ್ಣು, ಕೊಕ್ಕು, ಕೆಂಪು ಮೂರೂ ಒಟ್ಟಿಗೆ ಸಿಗುತ್ತವೆ. ಇಲ್ಲೊಂದು ತೊಡಕಿದೆ. ಕಪ್ಪು ಮೈ ನೋಡಿದ ಕ್ಯಾಮೆರಾ ಬೆಳಕು ಸಾಲದು ಅಂದುಕೊಂಡು ಏರಿಸುತ್ತದೆ, ಕೆಂಪು ಗರಿಯ ಎಳೆಗಳೆಲ್ಲ ಅಳಿಸಿ ಬಣ್ಣದ ಮುದ್ದೆ ಆಗುತ್ತದೆ. ಅದಕ್ಕೇ ಎಕ್ಸ್‌ಪೋಶರ್ ಅನ್ನು, ಅಂದರೆ ಫೋಟೋಗೆ ಬೀಳುವ ಬೆಳಕನ್ನು, ಮುಕ್ಕಾಲು ಸ್ಟಾಪ್‌ನಷ್ಟು (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಇಳಿಸುತ್ತೇನೆ. ಕೂತ ಹಕ್ಕಿಗೆ ಶಟರ್ 1/800 ಸೆಕೆಂಡ್ ಸಾಕು.

ಟೂಕನ್‌ಗಳನ್ನು ಕಂಡರೆ ದಾಂಡೇಲಿಯ ಮಂಗಟ್ಟೆ ನೆನಪಾಗದೇ ಇರದು. ಆದರೆ ಎರಡಕ್ಕೂ ನಂಟಿಲ್ಲ. ಟೂಕನ್‌ಗೆ ಹತ್ತಿರದ ಬಳಗ ನಮ್ಮ ಕುಟ್ರುಹಕ್ಕಿಯದು. ಅಷ್ಟುದ್ದದ ಕೊಕ್ಕಿನ ತುದಿಯಲ್ಲಿ ಹಣ್ಣಿನ ಚೂರು ಹಿಡಿದು, ತಲೆ ಹಿಂದಕ್ಕೆ ಎಸೆದು ಗಂಟಲಿಗೆ ಹಾಕಿಕೊಳ್ಳುತ್ತದೆ. ಚೂರು ಗಾಳಿಯಲ್ಲಿ ಇರುವ ಆ ಕ್ಷಣ ಬೇಕೆಂದರೆ ಚೂರು ಕಚ್ಚಿದ ಕೂಡಲೇ ಬಟನ್ ಒತ್ತಲು ಶುರು ಮಾಡಬೇಕು, ತಲೆ ಎತ್ತಿದ ಮೇಲೆ ಒತ್ತಿದರೆ ತಡವಾಯಿತು. ಇದಕ್ಕೆ ನನ್ನ ಮೆಚ್ಚಿನ ಜಾಗ ಸಿಂಚೊನಾ. 2009ರ ಜನವರಿಯ ಭೂಕಂಪ ಆ ಊರನ್ನೇ ನೆಲಸಮ ಮಾಡಿತ್ತು. ಈಗ ರಸ್ತೆ ಬದಿಯಲ್ಲಿ ಸಣ್ಣ ಹೋಟೆಲ್, ಕಣಿವೆಯಾಚೆ ಜಲಪಾತ, ಜಗಲಿಯ ಅಂಚಿಗೇ ಹಣ್ಣು. ಹಸಿರು ಟೂಕನೆಟ್ ಎಷ್ಟು ಹತ್ತಿರ ಬರುತ್ತದೆಂದರೆ, 600 ಎಂಎಂ ಪ್ರೈಮ್ (ಝೂಮ್ ಇಲ್ಲದ ಭಾರಿ ಲೆನ್ಸ್) ಹೊತ್ತು ತಂದವರು ಫೋಕಸ್ ಆಗದೆ ಕುರ್ಚಿ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ನನ್ನದು ಒಂದು ಮೀಟರ್‌ಗೂ ಫೋಕಸ್ ಆಗುವ 100-400 ಎಂಎಂ ಝೂಮ್ ಲೆನ್ಸ್. ಫೀಡರ್‌ಗೆ ಅದಕ್ಕಿಂತ ಭಾರದ್ದು ಹೊರುವುದು ದಂಡ ಅನ್ನೋದು ನನ್ನ ಅಭಿಪ್ರಾಯ.

ಹಮ್ಮಿಂಗ್‌ಬರ್ಡ್ ಕಥೆ ಬೇರೆ. ನಮ್ಮಲ್ಲಿ ವಾಟ್ಸಾಪ್‌ನಲ್ಲಿ ಈ ಹೆಸರಲ್ಲಿ ಓಡಾಡುವ ಸ್ಥಳೀಯ ಫೋಟೋಗಳು ಹೆಚ್ಚಾಗಿ ಸೂರಕ್ಕಿಯವು. ಹಮ್ಮಿಂಗ್‌ಬರ್ಡ್ ಅಮೆರಿಕ ಖಂಡಗಳ ಹೊರಗೆಲ್ಲೂ ಇಲ್ಲ. ರೆಕ್ಕೆ ಕಣ್ಣಿಗೆ ಕಾಣದಷ್ಟು ಜೋರಾಗಿ ಬಡಿಯುತ್ತದೆ, ಹಾಗಾಗಿ ಶಟರ್ 1/2500 ಸೆಕೆಂಡ್, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200. ರೆಕ್ಕೆ ತುದಿ ಆಗಲೂ ಕೊಂಚ ಮಸುಕು, ಇರಲಿ ಬಿಡಿ. ಸಕ್ಕರೆ ನೀರಿನ ಸೀಸೆಗೆ ಕೊಕ್ಕು ಹಾಕಿ ಹೀರಿದ ಮೇಲೆ ಒಂದು ಗೇಣು ಹಿಂದಕ್ಕೆ ಸರಿದು, ಗಾಳಿಯಲ್ಲೇ ನಿಂತು, ಮತ್ತೆ ಬರುತ್ತದೆ. ಆ ಗೇಣು ಜಾಗಕ್ಕೆ ಫೋಕಸ್ ಇಟ್ಟುಕೊಂಡರೆ ಸೀಸೆ ಇಲ್ಲದ ಫೋಟೋ ಸಿಗುತ್ತದೆ. ಕತ್ತಿನ ಮಿಂಚು ಬಣ್ಣ ಗರಿಯೊಳಗಿನ ಪದರಗಳಿಂದ ಬೆಳಕು ಪುಟಿಯುವುದರಿಂದ ಬರುವಂಥದ್ದು. ಕೋನ ತಪ್ಪಿದರೆ ಅದೇ ಕತ್ತು ಕಪ್ಪು. ಸೆರ್ರೊ ದೆ ಲಾ ಮುಯೆರ್ತೆ ಅನ್ನೋ ಬೆಟ್ಟದ ಕಡೆ, 3000 ಮೀಟರ್‌ಗೂ ಎತ್ತರದ ಚಳಿಯಲ್ಲಿ, ಫಯರಿ ಥ್ರೋಟೆಡ್ ಹಮ್ಮಿಂಗ್‌ಬರ್ಡ್ ಬರುತ್ತದೆ. ಪಕ್ಕದಿಂದ ಬರೀ ಹಸಿರು ಹಕ್ಕಿ. ಸೂರ್ಯನಿಗೆ ಬೆನ್ನು ಮಾಡಿ, ಎದುರಿಂದ, ತುಸು ಮೇಲಿನಿಂದ ನೋಡಿದರೆ ಗಂಟಲಲ್ಲಿ ಕೆಂಪು, ಕಿತ್ತಳೆ, ಹಳದಿ ಒಟ್ಟಿಗೆ ಹೊತ್ತಿಕೊಳ್ಳುತ್ತವೆ.

ಒಂದು ಸೀಸೆಯಲ್ಲಿ ಒಂದು ಪಾಲು ಬಿಳಿ ಸಕ್ಕರೆಗೆ ನಾಲ್ಕು ಪಾಲು ನೀರು. ಜೇನು, ಬೆಲ್ಲ, ಕೆಂಪು ಬಣ್ಣ ಯಾವುದೂ ಬೇಡ. ಸೀಸೆ ಕಪ್ಪಗೆ ಬೂಷ್ಟು ಹಿಡಿದಿರುವ, ಹಳೇ ಹಣ್ಣಿನ ಮೇಲೇ ಹೊಸದು ಸುರಿಯುವ ಜಾಗಗಳೂ ಇವೆ. ಅಲ್ಲಿ ನಾನು ಕೂರುವುದಿಲ್ಲ, ಹಕ್ಕಿಗೆ ರೋಗ ಹರಡುವುದು ಹಾಗೇ. ಒಳ್ಳೆ ಕಡೆಯವರು ದಿನಾ ತೊಳೆಯುತ್ತಾರೆ, ಕೋತಿಗಿಂತ ಚುರುಕಾದ ಕೊವಾಟಿ (ಉದ್ದ ಮೂತಿಯ ಕಾಡುಪ್ರಾಣಿ) ಬಂದು ಹಣ್ಣು ಹೊತ್ತೊಯ್ದರೆ ಓಡಿಸುತ್ತಾರೆ.

ಏಸಿ ಕೋಣೆಯಿಂದ ಕ್ಯಾಮೆರಾ ನೇರ ಹೊರಗೆ ತಂದರೆ ಲೆನ್ಸ್ ಪೂರ್ತಿ ಮಂಜು. ರಾತ್ರಿ ಏಸಿ ಆರಿಸಿ ಮಲಗುತ್ತಿದ್ದೆ. ಬೆಳಕು ಹರಿಯುವ ಹೊತ್ತು ಮುಗಿದ ಮೇಲೆ ಲೆನ್ಸ್ ಒರೆಸುತ್ತಾ ಕೂತು ಏನು ಪ್ರಯೋಜನ, ಅಲ್ವಾ? ಬೆಳಗ್ಗೆ ಆರರಿಂದ ಎಂಟೂವರೆ, ಮತ್ತೆ ಮೂರರ ಮೇಲೆ. ನಡುವೆ ನಿದ್ದೆ.

ಅಷ್ಟು ದೂರ ಹೋಗಲಾಗದವರು ದಾಂಡೇಲಿ ಕಡೆಯ ಗಣೇಶಗುಡಿಯಲ್ಲಿರುವ ಓಲ್ಡ್ ಮ್ಯಾಗಝೀನ್ ಹೌಸ್ ಅನ್ನೋ ತಂಗುದಾಣಕ್ಕೆ ಹೋಗಿ. ಅಲ್ಲಿ ಹಕ್ಕಿಗಳನ್ನು ಕರೆಯುವುದು ನೀರಿನ ತೊಟ್ಟಿಗಳು. ರಾಜಹಕ್ಕಿ, ಪಿಕಳಾರಗಳೆಲ್ಲ ಸ್ನಾನಕ್ಕೆ ಇಳಿಯುವ ಮೊದಲು ಪಕ್ಕದ ಬಳ್ಳಿಯಲ್ಲೇ ಕೂತು ಕಾಯುತ್ತವೆ. ಬೇಸಿಗೆಯ ಸೆಕೆ ಏರಿದ ತಿಂಗಳು ಆರಿಸಿಕೊಳ್ಳಿ, ತೊಟ್ಟಿಯ ಬಳಿ ಸಂಜೆ ನಾಲ್ಕರಿಂದ ಬೆಳಕು ಬೇಗ ಕುಗ್ಗುತ್ತದೆ, ಅದಕ್ಕೆ ಊಟ ಮುಗಿಸಿ ಮೂರಕ್ಕೇ ಕುರ್ಚಿ ಹಿಡಿಯಿರಿ.